ಕೊಟ್ಟ ಮಗಳ ರಕ್ತ ಬೇರೆಯಾದೀತೇ?

ಶಿವಲಿಂಗವ್ವನ ಕಿರಿಯ ಮಗ ಅಮರೇಶ ಹುಟ್ಟಿದಾಗ ಮಗಳು ದಾಕ್ಷಾಯಿಣಿಗೆ ಎಂಟು ವರ್ಷ. ಕೂಸು ಅಕ್ಕನ ಟೊಂಕ ಬಿಟ್ಟು ಇಳಿದರೆ ಕೇಳಿ! ಶಾಲೆಗೂ ಹೊತ್ತುಕೊಂಡೇ ಹೋಗುತ್ತಿದ್ದಳು. ಬೈದು ಬೈದು ಸಾಕಾದ ಮಾಸ್ತರರು ಹಾಜರಿ ಕರೆಯುವಾಗ ಅವನ ಹೆಸರನ್ನೂ ಕೂಗುತ್ತಿದ್ದರು. ಎಂಥ ಚೆಂದದ ದಿನಗಳು ಅವು!

ಈಗ ಆ ಅಮರೇಶ ರಕ್ತದ ಕ್ಯಾನ್ಸರ್ ಆಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ. ಒಡಹುಟ್ಟಿದವರ ಕಾಂಡಕೋಶ, ಅಂದರೆ ಹೊಸ ರಕ್ತ ಹುಟ್ಟಿಸುವ ಕಣ, ಹೊಂದಿದರೆ ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಹಿರಿಯ ಮಗ ಬಸಣ್ಣನದು ಹೊಂದಲಿಲ್ಲ. ಮುದುಕಿ ಊಟ ಬಿಟ್ಟು ಅಳುತ್ತ ಕೂತಳು.

ಪಕ್ಕದ ಮನೆಯ ಅಮೀನಾಬಿ ಕೇಳಿದಳು, "ಉಪ್ಪಿನಬೆಟಗೇರಿಗೆ ಕೊಟ್ಟ ದಾಕ್ಷಾಯಿಣಿಗೆ ಹೇಳೀರೇನ್ರಿ?"

"ಕೊಟ್ಟ ಹೆಣ್ಣು ಕುಲಕ್ಕ ಹೊರಗವಾ. ಅತ್ತಿಮನಿ ಅನ್ನ ಉಂಡ ರಕ್ತ ಹೊಂದತೈತೇನು? ಮ್ಯಾಲ ಎಲುಬು ಕೊರೀತಾರಂತ. ಮಕ್ಕಳ ತಾಯಿ ಅಕಿ."

"ಕುಲದ ಲೆಕ್ಕ ಮದವಿಗೆ ಇರಲಿ ಬಿಡ್ರಿ. ಒಂದ ತಾಯಿ-ತಂದಿ ಮಕ್ಕಳು ಅಂದ್ರ ಅಣ್ಣಂದೂ ಹೊಂದಬಹುದು, ಅಕ್ಕಂದೂ ಹೊಂದಬಹುದು. ನಾ ನನ್ನ ತಂಗಿಗೆ ಕೊಟ್ಟಿಲ್ಲೇನು? ಮೊದಲ ರಕ್ತ ತಪಾಸ ಮಾಡ್ತಾರ. ಹೊಂದಿದ್ರ ನಾಕೈದ ದಿನ ಸೂಜಿ ಚುಚ್ಚತಾರ. ಆ ಕಣ ಎಲುಬಿನಿಂದ ರಕ್ತಕ್ಕ ಇಳೀತಾವ. ಆವಾಗ ಮೈ-ಕೈ ನೋವು ಇರತೈತಿ, ಸುಳ್ಳ ಯಾಕ ಹೇಳಲಿ? ಆಮ್ಯಾಲ ಒಂದ ಕೈಯಿಂದ ರಕ್ತ ಮಷೀನಿಗೆ ಹೋಗತೈತಿ. ಮಷೀನು ಬೇಕಾದ ಕಣ ಅಷ್ಟ ಹಿಡಕೊಂಡು, ಉಳದ ರಕ್ತ ಇನ್ನೊಂದ ಕೈಗೆ ಹೊಳ್ಳಿ ಬಿಡತೈತಿ. ಕೆಲವರಿಗೆ ಸೊಂಟದ ಎಲುಬಿನಿಂದ ತಗೀತಾರ ಖರೇ, ಆದ್ರ ನೋವು ಗೊತ್ತಾಗದಂಗ ಮಲಗಿಸಿ ತಗೀತಾರ. ಕೊಟ್ಟಿದ್ದು ಮೈಯಾಗ ಮತ್ತ ಹುಟ್ಟತೈತ್ರಿ. ನನ್ನ ನೋಡ್ರಿ, ಏನಾಗೇತಿ?"

ಶಿವಲಿಂಗವ್ವನಿಗೆ ಹಳೆಯದೆಲ್ಲ ಉಕ್ಕಿ ಬಂತು. ಅಮರೇಶನಿಗೆ ದಡಾರ ಎದ್ದಾಗ ನಿದ್ದೆಗೆಟ್ಟು ತೊಟ್ಟಿಲು ತೂಗಿದವಳು ಆ ಮಗಳೇ. ಅಂಥವಳನ್ನು ಒಂದು ಮಾತೂ ಕೇಳಲಿಲ್ಲವಲ್ಲ! ಕೂಡಲೇ ಫೋನ್ ಮಾಡಿಸಿದಳು. ದಾಕ್ಷಾಯಿಣಿ ಮರುದಿನ ಮೊದಲ ಬಸ್ಸಿಗೇ ಬಂದಳು. ತಪಾಸಣೆಯಲ್ಲಿ ಅವಳದು ಹೊಂದಿತು.

ಕಣ ತೆಗೆಯುವ ದಿನ ಮಗಳ ಪಾದ ಒತ್ತುತ್ತ ತಾಯಿ ಕೇಳಿದಳು, "ನೋವಾಗತೈತೇನವಾ?"

"ಸೂಜೀದು ಅಂಥಾ ನೋವೇನಿಲ್ಲಬೇ ಯವ್ವಾ. ವರ್ಷಾ ಪಂಚಮಿ ಉಂಡಿ ಕಳಸೂ ಮುಂದ ನಾ ನಿನ್ನ ಮಗಳು. ತಮ್ಮ ಸಾಯಾಕತ್ತಾಗ ಹೆರವರಾಕಿ ಆದ್ನೇನು?"

ಶಿವಲಿಂಗವ್ವ ಮಗಳ ಪಾದ ಹಿಡಿದುಕೊಂಡೇ ಅತ್ತಳು.

ಅಮರೇಶನ ಮೈಯಲ್ಲಿ ಈಗ ಹೊಸ ರಕ್ತ ಹುಟ್ಟುತ್ತಿದೆ. ಇನ್ನೂ ಕೆಲ ತಿಂಗಳು ಜೋಪಾನವಾಗಿರಬೇಕು ಎಂದಿದ್ದಾರೆ ಡಾಕ್ಟರು.

ತಾಯಂದಿರೇ, ಅಣ್ಣತಮ್ಮಂದಿರೇ, ಒಡಹುಟ್ಟಿದವರದು ಹೊಂದದಿದ್ದರೆ ಹೊರಗಿನವರ ಕಾಂಡಕೋಶವೂ ಹೊಂದಬಹುದು. ಗಟ್ಟಿಮುಟ್ಟಾಗಿರುವವರು ದಾನಿಗಳಾಗಿ ಹೆಸರು ಬರೆಸಿ. ನಿಮ್ಮ ಮನೆಗೇ ಇಂಥ ಕಾಯಿಲೆ ಬಂದರೆ ಗಂಡುಮಕ್ಕಳನ್ನಷ್ಟೇ ಎಣಿಸಬೇಡಿ. ಮದುವೆಯಾಗಿ ಹೋದ ಮಗಳೂ ಇದ್ದಾಳೆ, ಅವಳನ್ನೂ ಒಂದು ಮಾತು ಕೇಳಿ.