ಎರಡನೇ ಕೋಟ್

ಬುಗುರಿಯ ಅಮ್ಮ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವಳು. ಗಿರಾಕಿ ಎಷ್ಟೇ ಅವಸರಪಡಲಿ, ಮೊದಲ ಕೋಟ್ ಒಣಗದೆ ಎರಡನೆಯದು ಹಚ್ಚಬೇಡಿ ಎಂದು ಹೇಳದೆ ಡಬ್ಬಿ ಕೈಗೆ ಕೊಡುತ್ತಿರಲಿಲ್ಲ. ಆರು ವರ್ಷದ ಮಗಳಿಗೆ ಸುದ್ದಿ ಹೇಳುವಾಗಲೂ ಅದೇ ಲೆಕ್ಕ ಹಾಕಿದಳು. ಮೊದಲು ಹೊಸ ಮನೆಯ ವಿಷಯ. ಅದು ಮನಸ್ಸಿಗೆ ಹಿಡಿದ ಮೇಲೆ, ಅಪ್ಪ ಅಲ್ಲಿಗೆ ಬರುವುದಿಲ್ಲ ಎಂಬುದು. ಎರಡನೆಯದನ್ನು ಭಾನುವಾರ ಇಬ್ಬರೂ ಸೇರಿ ಹೇಳುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಜಗಳವಾಡಿ ಸುಸ್ತಾಗಿ ಬೇರೆಯಾಗುತ್ತಿದ್ದ ಅವರು ಈಚೆಗೆ ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

ಆದರೆ ಮೊದಲ ಕೋಟೇ ಬುಗುರಿಯ ತಲೆಗೇರಿತು.

"ನನ್ನ ರೂಮಿಗೆ ನಾನು ಹೇಳಿದ ಬಣ್ಣಾನಾ? ಆಣೆ?"

"ಹೂಂ ಕಣೇ, ನೀನು ಹೇಳಿದ್ದೇ."

ಅಷ್ಟೇ ಸಾಕಾಯಿತು. ಊಟ ಅರ್ಧಕ್ಕೆ, ನಿದ್ದೆ ಅರ್ಧಕ್ಕೆ. ಶನಿವಾರ ಸಂಜೆ, ಅಮ್ಮ ಅಂಗಡಿಯಿಂದ ತಂದಿದ್ದ ಬಣ್ಣದ ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಅವುಗಳ ನಡುವೆ ಗಿರಗಿರ ತಿರುಗಿದಳು.

"ನಿಂಬೆ ಹಳದಿ ನಂಗೆ. ಈ ನೀಲಿ ಅಪ್ಪನ ಕಡೆ ಗೋಡೆಗೆ. ನೀಲಿ ನೋಡ್ತಾ ಮಲಗಿದ್ರೆ ಗೊರಕೆ ಬರಲ್ಲ."

"ಯಾರೇ ಹೇಳಿದ್ದು?"

"ನಾನೇ!"

ಅಮ್ಮನಿಗೆ ನಗು ಬಂತು. ನಾಳೆ ಹೇಳೋಣ ಎಂದು ಬಾಯಿ ಬಿಗಿಹಿಡಿದಳು. ಅಷ್ಟರಲ್ಲಿ ಮಗಳು ನಾಲಿಗೆ ಹೊರಚಾಚಿಕೊಂಡು ನೀಲಿ ಕಾರ್ಡಿನ ಹಿಂದೆ 'ಅಪ್ಪ' ಎಂದು ಬರೆಯತೊಡಗಿದ್ದಳು. ಅದನ್ನು ನೋಡಿಕೊಂಡು ಸುಮ್ಮನಿರುವುದು ಅವಳಿಂದಾಗಲಿಲ್ಲ.

"ಬುಗುರಿ, ಇಲ್ಲಿ ಬಾ. ಅಮ್ಮ ತಪ್ಪು ಮಾಡಿದೀನಿ. ಅರ್ಧ ಹೇಳಿ ಅರ್ಧ ಬಚ್ಚಿಟ್ಟೆ. ಹೊಸ ಮನೆಗೆ ನಾನು, ನೀನು ಹೋಗ್ತೀವಿ. ಅಪ್ಪ ಇಲ್ಲೇ ಇರ್ತಾನೆ."

"ಯಾಕೆ, ಡ್ಯೂಟಿನಾ?"

"ಅಲ್ಲ ಪುಟ್ಟಿ. ನಾನು, ಅಪ್ಪ ಇನ್ಮೇಲೆ ಒಂದೇ ಮನೇಲಿ ಇರಲ್ಲ. ನೀನು ಏನೂ ಮಾಡಿಲ್ಲ, ನಿನ್ನಿಂದ ಆಗಿದ್ದಲ್ಲ ಇದು. ನೀನು ಇಬ್ರಿಗೂ ಮಗಳೇ."

ಬುಗುರಿ ತಟ್ಟನೆ ನಿಂತಳು. ಮರುಕ್ಷಣ ಅಡುಗೆಮನೆಗೆ ಓಡಿದಳು. ಲಿಫ್ಟ್ ರಿಪೇರಿ ಕೆಲಸದ ಅಪ್ಪ ಅಲ್ಲಿ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ.

"ಅಪ್ಪಾ! ಅಮ್ಮ ಏನೇನೋ ಹೇಳ್ತಿದಾಳೆ. ನೀನು ಬರಲ್ವಂತೆ!"

ಅವನು ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ. "ನಾಳೆ ಅಂದಿದ್ವಲ್ಲ?"

"ನಿನಗೂ ಗೋಡೆ ಆರಿಸ್ತಿದ್ದಳು. ತಡ್ಕೊಳ್ಳೋಕಾಗಲಿಲ್ಲ."

ಈಗ ಜಗಳ ಶುರುವಾಗುತ್ತದೆ ಎಂದುಕೊಂಡಳು ಅವಳು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಮಗಳನ್ನು ಹತ್ತಿರ ಎಳೆದುಕೊಂಡ.

"ನಿಜ ಕಣೇ. ನಾನು ಬರಲ್ಲ."

ಬುಗುರಿ ಎರಡೂ ಮುಷ್ಟಿಯಿಂದ ಅವನ ಹೆಗಲಿಗೆ ಗುದ್ದಿದಳು. ಬಿಕ್ಕಿ ಬಿಕ್ಕಿ ಅತ್ತಳು. ಬಿಕ್ಕುತ್ತಲೇ ಕೇಳಿದಳು: "ಮತ್ತೆ ನನ್ನ ಜಡೆ?"

"ಅಮ್ಮ ಹಾಕ್ತಾಳೆ."

"ಅಮ್ಮ ಕಿತ್ತುಬರೋ ಹಾಗೆ ಎಳೀತಾಳೆ!"

"ಶನಿವಾರ, ಭಾನುವಾರ ನಾನು ಹಾಕ್ತೀನಿ. ಆಗ ನೀನು ಇಲ್ಲೇ ಇರ್ತೀಯ."

ಬಿಕ್ಕಳಿಕೆ ಅರ್ಧದಲ್ಲೇ ನಿಂತಿತು. "ಇಲ್ಲೂ ನಂಗೆ ರೂಮಾ?"

"ಮತ್ತಿನ್ನೇನು!"

"ಇಲ್ಲೂ ನಾನು ಹೇಳಿದ ಬಣ್ಣಾನಾ?"

ಅವನು ಹೆಂಡತಿಯತ್ತ ತಿರುಗಿದ. "ಡಬ್ಬಿ ನಾನು ತರ್ತೀನಿ," ಎಂದಳು ಅಮ್ಮ. ಹಾಗೆ ಹೇಳಬೇಕೆಂದು ಅವಳೇನೂ ಅಂದುಕೊಂಡಿರಲಿಲ್ಲ.

ಮೂಗು ಒರೆಸಿಕೊಳ್ಳುವಷ್ಟೂ ಪುರಸೊತ್ತಿಲ್ಲದೆ ಬುಗುರಿ ರೂಮಿಗೆ ಹಾರಿದಳು. "ಬನ್ನಿ ಬನ್ನಿ, ಬೀರು ಸರಿಸಿ! ಹಿಂದಿನ ಗೋಡೆ ನೋಡ್ಬೇಕು!"

"ಈಗ್ಲೇನಾ? ಮಿಕ್ಸಿ ಬಾಯಿ ಬಿಟ್ಕೊಂಡು ಬಿದ್ದಿದೆ."

"ಬಿದ್ದಿರ್ಲಿ! ಅಮ್ಮಾ, ನೀನು ಆ ಕಡೆ ಹಿಡ್ಕೋ. ಒಂದು, ಎರಡು..."

ಮೂರು ಎನ್ನುವ ಮೊದಲೇ ಮೂವರೂ ತಳ್ಳಿದರು. ಬೀರು ಕಿರ್ರೆಂದು ಒಂದು ಗೇಣು ಸರಿದು ಮೊಂಡುಹಿಡಿಯಿತು. ಬುಗುರಿ ಏದುಸಿರು ಬಿಡುತ್ತ ಬೆನ್ನು ಕೊಟ್ಟು ನಿಂತಳು.

"ಅಪ್ಪಾ, ನಾವು ಹೋದ್ಮೇಲೆ ನೀನೊಬ್ನೇ ಇದನ್ನ ತಳ್ಳೋಕೆ ಹೋಗ್ಬೇಡ. ಸೊಂಟ ಹಿಡ್ಕೊಳ್ಳುತ್ತೆ. ನಾನು ಬರೋವರೆಗೂ ಕಾಯಬೇಕು, ಗೊತ್ತಾಯ್ತಾ?"

"ಆಯ್ತು ಮೇಡಂ."

'ನಾವು ಹೋದ್ಮೇಲೆ.' ಮಗಳೇ ಅಂದುಬಿಟ್ಟಿದ್ದಳು. ಅಮ್ಮ ಕಣ್ಣೊರೆಸಿಕೊಂಡು, ಸೆರಗು ಬಿಗಿದು, ಬೀರುವಿಗೆ ಮತ್ತೆ ಹೆಗಲು ಕೊಟ್ಟಳು.