ಉಗುರಿನ ಗುರುತು

ಮೀನಿನ ಮಾರುಕಟ್ಟೆ ತಲುಪುವ ಮೊದಲೇ ಅಣ್ಣ ತೀರ್ಪು ಕೊಟ್ಟಾಗಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಹೋಗಿದ್ದಾಳೆಂದುಕೊಂಡು ಅವನು ಪಕ್ಕದಲ್ಲಿದ್ದ ತಂಗಿಗೆ ಹೇಳಿದ್ದ: ಅಮ್ಮನಿಗೆ ಅರಳುಮರಳು ಶುರುವಾಗಿದೆ, ಹಾಲು ಒಡೆದಿದೆ, ಸಾರು ಹಳಸಿದೆ ಅಂತ ದಿನಕ್ಕೊಂದು ತಕರಾರು, ಇನ್ನು ಅವಳನ್ನು ಅಡುಗೆಮನೆಗೆ ಬಿಡುವುದಿಲ್ಲ. ಅಮ್ಮನ ರೆಪ್ಪೆ ಅದುರಿದ್ದನ್ನು ತಂಗಿ ಕನ್ನಡಿಯಲ್ಲಿ ಕಂಡಳು. ಕಂಡೂ ಬಾಯಿ ಬಿಡಲಿಲ್ಲ. ಎಲ್ಲವನ್ನೂ ನೋಡುವುದು, ಏನನ್ನೂ ಆಡದಿರುವುದು ಅವಳಿಗೆ ಮೊದಲಿನಿಂದ ಬಂದ ಗುಣ.

ಅಮ್ಮ ಮೂವತ್ತು ವರ್ಷ ಮೀನುದೋಣಿಗಳು ಬಂದು ನಿಲ್ಲುವ ದಕ್ಕೆಯ ಶೆಡ್ಡಿನಲ್ಲಿ ಮೀನು ಆರಿಸಿದವಳು. ಬುಟ್ಟಿ ಸುರಿದರೆ ಗಟ್ಟಿಯದು ಬಲಕ್ಕೆ, ಮೆತ್ತಗಾದದ್ದು ಎಡಕ್ಕೆ. ಸಂಜೆ ಹೆಂಗಸರಿಗೆ ತಲೆಗೊಂದು ಮೀನು ಸಿಗುತ್ತಿತ್ತು. ಒಬ್ಬರದು ಇನ್ನೊಬ್ಬರ ಚೀಲ ಸೇರದಿರಲೆಂದು ಬಾಲದ ಅಂಚಿನಲ್ಲಿ ಹೆಬ್ಬೆರಳ ಉಗುರಿನಿಂದ ಚಿವುಟಿ ಗುರುತು ಮಾಡುತ್ತಿದ್ದರು. ಅಮ್ಮನದು ಪಕ್ಕಪಕ್ಕದಲ್ಲಿ ಎರಡು ಚಿವುಟು.

ಮಾರುಕಟ್ಟೆಯ ಸಿಮೆಂಟು ನೆಲದ ಮೇಲೆ ಕರಗಿದ ಐಸಿನ ನೀರು ಹರಿಯುತ್ತಿತ್ತು. ಮೀನು ಆರಿಸಿ ತೂಗಿಸಿಕೊಟ್ಟರೆ, ಅಂಗಡಿಯ ಹಿಂದೆ ತಗಡಿನ ಸೂರಿನಡಿ ಅಂಗಡಿಯವನೇ ಹುರಿದು ಮೇಜಿಗೆ ತಂದುಕೊಡುತ್ತಿದ್ದ. ಅಮ್ಮ ಅವಸರ ಮಾಡಲಿಲ್ಲ. ಕಿವಿರು ಎತ್ತಿ ನೋಡಿದಳು, ಹೊಟ್ಟೆ ಅದುಮಿದಳು, ನಾಲ್ಕನ್ನು ಬಿಟ್ಟು ಐದನೆಯದನ್ನು ಹಿಡಿದಳು. ಹಳೆಯ ರೂಢಿ, ಬಾಲದ ಮೇಲೆ ಉಗುರು ಎರಡು ಸಲ ಊರಿತು.

"ಏನಜ್ಜಿ, ಚಿವುಟಿ ಎಬ್ಬಿಸ್ತಿದೀರಾ? ಅದು ಏಳಲ್ಲ ಬಿಡಿ," ಎಂದ ಅಂಗಡಿಯವ.

"ಎದ್ರೂ ನಿನ್ನ ತಕ್ಕಡಿ ನೋಡಿ ಮತ್ತೆ ಪ್ರಾಣ ಬಿಡುತ್ತೆ," ಎಂದಳು ಅಮ್ಮ. ಸುತ್ತಲಿದ್ದವರು ನಕ್ಕರು.

ಅವನೂ ನಗುತ್ತಲೇ ಮೀನನ್ನು ಒಲೆಗೆ ಮರೆಯಾಗಿ ಕಟ್ಟಿದ್ದ ಟಾರ್ಪಾಲಿನ ಹಿಂದಕ್ಕೆ ಒಯ್ದ. ಟಾರ್ಪಾಲಿನ ಸಂದಿಯಲ್ಲಿ ಅವನು ಐಸಿನ ಪೆಟ್ಟಿಗೆಗೆ ಬಗ್ಗಿದ್ದು, ಮತ್ತೆ ಮೀನು ಹಿಡಿದೇ ಎದ್ದದ್ದು ತಂಗಿಗೆ ಕಾಣಿಸಿತು. ತೊಳೆದಿರಬೇಕು ಎಂದುಕೊಂಡಳು. ಅನುಮಾನವನ್ನು ಎಂದಿನಂತೆ ನುಂಗಿಕೊಂಡಳು.

ಮೀನು ಇಡಿಯಾಗಿ ಹುರಿದು ಬಂತು. ಅಣ್ಣ ಆಗಲೇ ಎರಡು ತುತ್ತು ಮುಗಿಸಿ, ಬೆಣ್ಣೆ ಹಾಗಿದೆ ಎಂದಿದ್ದ. ಅಮ್ಮ ಒಂದು ತುತ್ತು ಬಾಯಿಗಿಟ್ಟು, ಅಗಿದು, ತೆಗೆದು ತಟ್ಟೆಯಂಚಿಗಿಟ್ಟಳು.

"ಇದು ನಾನು ಆರಿಸಿದ್ದಲ್ಲ. ಮೂರು ದಿನದ್ದು."

"ನಿನ್ನ ನಾಲಿಗೆ ಕೆಟ್ಟಿದೆಯಮ್ಮಾ. ನಾಲ್ಕು ಜನ ನೋಡ್ತಿದಾರೆ, ಸುಮ್ನೆ ತಿನ್ನು."

ಅಮ್ಮ ತಟ್ಟೆಯನ್ನು ದಿಟ್ಟಿಸುತ್ತ ಕೂತಳು. ಅವಳಿಗೇ ತನ್ನ ಮೇಲೆ ಸಂಶಯ ಹುಟ್ಟಿದ್ದು ಮುಖದಲ್ಲಿ ಕಂಡಾಗ ತಂಗಿ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಬಾಲದ ತುದಿ ನೋಡಿದಳು. ಗರಿಗರಿಯಾದ ಬಾಲ, ಅಂಚು ನೂಲು ಹಿಡಿದಂತೆ ನೇರ. ಒಂದು ಚಿವುಟೂ ಇರಲಿಲ್ಲ.

ನೀನೂ ಶುರುಮಾಡಬೇಡ ಎಂದು ಅಣ್ಣ ಹೇಳುತ್ತಿದ್ದಂತೆಯೇ ಅವಳು ಟಾರ್ಪಾಲು ಸರಿಸಿ ಒಳಹೊಕ್ಕಳು. ಪೆಟ್ಟಿಗೆಯಲ್ಲಿ, ಐಸಿನ ಮೇಲೆ, ಇನ್ನೊಮ್ಮೆ ಮಾರಾಟಕ್ಕೆ ಸಿದ್ಧವಾಗಿ ಅಮ್ಮನ ಮೀನು ಮಲಗಿತ್ತು. ಬಾಲದಲ್ಲಿ ಎರಡು ಚಿವುಟು. ಅದನ್ನೆತ್ತಿಕೊಂಡು ಎಲ್ಲರ ನಡುವೆ ಬಂದು ನಿಂತಳು. ತಣ್ಣೀರು ಮೊಣಕೈವರೆಗೆ ಇಳಿಯುತ್ತಿತ್ತು.

"ಇದು ನಮ್ಮಮ್ಮನ ಮೀನು. ಅವಳ ಉಗುರಿನ ಗುರುತಿದೆ, ನೋಡಿ."

ಅಂಗಡಿಯವ ಮೊದಲು ನಕ್ಕ. "ಹುರಿದ್ಮೇಲೆ ಎಲ್ಲಾ ಒಂದೇ ಅಕ್ಕಾ. ಇಷ್ಟು ಜನ ತಿಂದ್ರು, ಯಾರಿಗೂ ಗೊತ್ತಾಗ್ಲಿಲ್ಲ."

"ನನಗೂ ಗೊತ್ತಾಗ್ಲಿಲ್ಲ. ಅವಳಿಗೆ ಗೊತ್ತಾಯ್ತು."

ನಗು ಆರಿದ ಅಂಗಡಿಯವ ಇನ್ನೊಂದು ಮೀನು ಪುಕ್ಕಟೆ ಕೊಡುತ್ತೇನೆಂದ. ಅಷ್ಟರಲ್ಲಿ ಅಮ್ಮ ಎದ್ದು ಬಂದಿದ್ದಳು. ಪುಕ್ಕಟೆಯದು ಬೇಡ, ನನ್ನದನ್ನೇ ನನ್ನ ಕಣ್ಣೆದುರು ಹುರಿ ಎಂದಳು. ಅವನು ಒಲೆಯನ್ನು ಮುಂದಕ್ಕೆ ತರಬೇಕಾಯಿತು.

ಕಾವಲಿ ಕಾಯುವ ಹೊತ್ತಿಗೆ ಅಮ್ಮ ಸೆರಗು ಸಿಕ್ಕಿಸಿ ಅಂಗಡಿಯ ಹಲಗೆಯ ಮುಂದೆ ನಿಂತಳು. ಒಂದೊಂದೇ ಮೀನೆತ್ತಿ ಅದುಮಿದಳು. ಗಟ್ಟಿಯದು ಬಲಕ್ಕೆ, ಮೆತ್ತಗಾದದ್ದು ಎಡಕ್ಕೆ. ಎಡದ ರಾಶಿ ಬೆಳೆಯುತ್ತ ಹೋಯಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ತನ್ನ ಚೀಲದಿಂದ ಮೀನು ತೆಗೆದು, ಇದನ್ನೂ ನೋಡಿ ಎಂದು ಚಾಚಿದಳು. ಅದೂ ಎಡಕ್ಕೆ ಹೋಯಿತು.

"ಅಜ್ಜೀ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ," ಎಂದ ಅವನು.

"ತಿಂದವರಿಗೆ ಹೊಟ್ಟೆ ಇಲ್ವಾ?" ಎಂದಳು ಅಮ್ಮ, ಕೈ ನಿಲ್ಲಿಸದೆ.

ಹುರಿದ ಮೀನು ಬಂದಾಗ ಅದರ ಮಾಂಸ ಬಿಳಿ ಎಸಳಾಗಿ ಬಿಡಿಸಿಕೊಂಡಿತು. ಅದರಲ್ಲಿ ಸಮುದ್ರದ ತೆಳು ಉಪ್ಪು, ಸ್ವಲ್ಪ ಸಿಹಿ ಇತ್ತು. ತಂಗಿ ತಿಂದಳು, ಸಿಟ್ಟಿನಲ್ಲೂ ರುಚಿ ಗೊತ್ತಾಯಿತು. ಅಮ್ಮ ಬಾಲದ ತುಂಡನ್ನು, ಎರಡು ಚಿವುಟುಗಳ ಸಮೇತ, ಅಣ್ಣನ ತಟ್ಟೆಗಿಟ್ಟಳು.

"ತಿನ್ನು. ಕೆಟ್ಟಿದ್ರೆ ಹೇಳು."

ಅವನು ತಲೆ ಎತ್ತದೆ ಮುಳ್ಳಿನವರೆಗೂ ತಿಂದ.

ಹೊರಡುವಾಗ ತಂಗಿ ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತಳು. ಅಣ್ಣ ಕನ್ನಡಿಯಲ್ಲಿ ನೋಡುತ್ತ, ಈಗಲಾದರೂ ಸಮಾಧಾನವಾಯಿತೇ ಎಂದು ಕೇಳಿದ.

"ಇಲ್ಲ," ಎಂದಳು ಅವಳು. "ಮೀನಿಂದು ಮುಗೀತು. ಅಡುಗೆಮನೆ ವಿಷಯ ಇನ್ನೂ ಇದೆ."

ಅಮ್ಮ ಈ ಸಲ ಕಣ್ಣು ಮುಚ್ಚಲಿಲ್ಲ.