ಬಲಕ್ಕೆ ವಾಲಿದ ಆಕಾಶ

ನಾಳೆ ಸಭೆ ಇಟ್ಟುಕೊಂಡು ಇವತ್ತೇ ಗಡ್ಡ ನನ್ನ ತಲೆ ತಿನ್ನಬೇಕೇ?

ಗಡ್ಡ ಎಂದರೆ ಪಕ್ಕದ ಮೇಜಿನ ಸಹೋದ್ಯೋಗಿ. ನಾವು ನೋಡುವುದು ರೇಡಿಯೋ ಅಲೆ ಸೂಸುವ ದೂರದ ಗ್ಯಾಲಕ್ಸಿಗಳನ್ನು. ಒಂದೊಂದರ ನಡುಮಧ್ಯದಿಂದ ಎರಡೂ ಕಡೆಗೆ ಚಿಮ್ಮುವ ಧಾರೆ ಚಿತ್ರದಲ್ಲಿ ಮಸುಕು ಕಡ್ಡಿಯಂತೆ ಕಾಣುತ್ತದೆ. ಕಡ್ಡಿಯ ಮೇಲೆ ನಾನು ಗೆರೆ ಎಳೆದರೆ ಕಂಪ್ಯೂಟರು ಕೋನ ಹೇಳುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ದೂರದವು, ಆದರೂ ಹೆಚ್ಚಿನವು ತುಸು ಬಲಕ್ಕೆ ವಾಲಿದ್ದವು! ನಿಜವಾದರೆ ವಿಶ್ವದ ಬಗ್ಗೆ ಓದಿದ್ದೆಲ್ಲ ತಲೆಕೆಳಗು. ನಾಳೆಯ ಸಭೆಯಲ್ಲಿ ನಾನು ಹೇಳಬೇಕಿದ್ದುದು ಇದನ್ನೇ; ನನ್ನ ಕೆಲಸ ಕಾಯಂ ಆಗುವುದೂ ಇದರ ಮೇಲೆಯೇ ನಿಂತಿತ್ತು.

"ಅರ್ಧ ಚಿತ್ರಗಳನ್ನ ಕನ್ನಡೀಲಿ ಕಂಡ ಹಾಗೆ ತಿರುಗಿಸಿದೀನಿ. ಯಾವುವು ಅಂತ ಹೇಳಲ್ಲ. ಮತ್ತೆ ಗೆರೆ ಎಳಿ," ಎಂದ ಗಡ್ಡ. "ವಾಲಿರೋದು ಆಕಾಶಾನೇ ಆದ್ರೆ, ತಿರುಗಿಸಿದವು ಎಡಕ್ಕೆ ವಾಲ್ಬೇಕು."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ ತಾಯಿ, ಕಣ್ಣಿನ ಮೇಲಿಲ್ಲ."

ಮೈಯೆಲ್ಲ ಉರಿಯಿತು. ಊಟಕ್ಕೆ ಮನೆಗೆ ಹೋದರೆ ಅಲ್ಲೂ ನೆಮ್ಮದಿಯಿಲ್ಲ. ನಾನು ಗೋಡೆಗೆ ಹಾಕಿದ ಅತ್ತೆಯ ಫೋಟೋ ಸೊಟ್ಟಗಿದೆ ಎಂದು ಗಂಡನ ಹಳೇ ವರಾತ.

"ಅಮ್ಮ ಬಲಕ್ಕೆ ಬೀಳ್ತಿದಾಳೆ ಕಣೇ."

"ನಿಮ್ಮಮ್ಮ ಯಾವತ್ತು ನೆಟ್ಟಗಿದ್ರು?"

ಒಳಗಿನಿಂದ ಅತ್ತೆ ಜೋರಾಗಿ ಕೆಮ್ಮಿದರು.

ಆಫೀಸಿಗೆ ವಾಪಸು ಬಂದು ಮಧ್ಯಾಹ್ನವಿಡೀ ಕೂತಲ್ಲಿ ಕೂರಲಾಗದೆ, ಎದ್ದು, ಮತ್ತೆ ಕೂತು ಗೆರೆ ಎಳೆದೆ. ಸಂಜೆ ಗಡ್ಡ ತಿರುಗಿಸಿದ್ದನ್ನೂ ತಿರುಗಿಸದ್ದನ್ನೂ ಬೇರೆ ಮಾಡಿ ತೋರಿಸಿದ. ಎರಡೂ ಬಲಕ್ಕೇ ವಾಲಿದ್ದವು. ಕಡ್ಡಿ ಮಸುಕಾದಲ್ಲೆಲ್ಲ ಕೈ ತನಗೆ ನೆಟ್ಟಗೆ ಅನಿಸಿದ ಕಡೆಗೆ ಜಾರಿತ್ತು. ಆಕಾಶದ್ದೇನೂ ತಪ್ಪಿಲ್ಲ, ವಾಲಿದ್ದು ನಾನು.

ಗಡ್ಡ ನಗಲಿಲ್ಲ. ನಕ್ಕಿದ್ದರೆ ಎರಡು ಬೈದು ಹಗುರವಾಗುತ್ತಿದ್ದೆ. "ನಾನಂತೂ ಬಾಯಿ ಬಿಡಲ್ಲ. ನಿನ್ನಿಷ್ಟ," ಎಂದ.

ದಾರಿಯುದ್ದಕ್ಕೂ ಆ ಮಾತು ಬೆನ್ನು ಬಿಡಲಿಲ್ಲ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಸ್ಟೂಲು ಹತ್ತಿದೆ.

"ಎಷ್ಟು ತಿರುಗಿಸ್ಲಿ, ಹೇಳ್ರೀ."

ಗಂಡ ಕಕ್ಕಾಬಿಕ್ಕಿಯಾದ. "ಸ್ವಲ್ಪ ಎಡಕ್ಕೆ... ಇನ್ನೂ ಸ್ವಲ್ಪ... ಹಾಂ, ಸಾಕು."

ನನ್ನ ಕಣ್ಣಿಗೆ ಫೋಟೋ ಈಗ ಸೊಟ್ಟಗೆ ಕಂಡಿತು. ಸರಿಮಾಡಲು ಕೈ ತುಡಿಯಿತು, ಅಳು ಬಂತು. ಮುಟ್ಟದೆ ಕೆಳಗಿಳಿದೆ.

"ನಾಳೆ ಸಭೇಲಿ ನನ್ನ ಅಳತೆ ತಪ್ಪು ಅಂತ ಹೇಳ್ತೀನಿ."

"ಮತ್ತೆ ಕೆಲಸ?"

"ಹೋದ್ರೆ ಹೋಗ್ಲಿ."

ಅತ್ತೆ ಬಾಗಿಲಿಗೆ ಬಂದು ಫೋಟೋದತ್ತ ಕತ್ತೆತ್ತಿದರು. "ಈಗಾದ್ರೂ ನೆಟ್ಟಗಿದೀನೇನೇ?"

"ನಂಗೆ ಗೊತ್ತಾಗಲ್ಲ ಅತ್ತೆ," ಎಂದೆ. "ನಿಮ್ಮ ಮಗನ್ನ ಕೇಳಿ."